ನಿಂತ ಕಾರಿನ ರಿಮೋಟ್ ಕೆಲಸ ಮಾಡದಿದ್ದರೆ ಮೊದಲು ಬ್ಯಾಟರಿ ನೋಡಿಸಿ

ಬಹಳ ದಿನ ನಿಂತಿದ್ದ ಕಾರು ರಿಮೋಟ್ ಒತ್ತಿದರೂ ತೆರೆಯಲಿಲ್ಲವೆಂದರೆ, "ಒಳಗಿನ ಸಿಸ್ಟಮ್ಮೇ ಹೋಗಿದೆ" ಎನ್ನುವವರ ಮಾತಿಗೆ ದಯವಿಟ್ಟು ದುಡ್ಡು ಕೊಡಬೇಡಿ. ಬಾಗಿಲಿಗೆ ಕಂಬಿ, ಸ್ಕೇಲು ಹಾಕಲು ಬಿಡಲೇಬೇಡಿ. ಮಕ್ಕಳ ಮನೆಗೆಂದು ವಿದೇಶಕ್ಕೆ ಹೋದ ಹಿರಿಯರ ಕಾರುಗಳು ಬೆಂಗಳೂರಿನ ಬೇಸ್‌ಮೆಂಟುಗಳಲ್ಲಿ ಎಷ್ಟೋ ನಿಂತಿವೆ. ನಮಗಾದದ್ದು ಅವರಿಗೆ ಆಗಬಾರದೆಂದು ಬರೆಯುತ್ತಿದ್ದೇನೆ.

ನಮ್ಮ ಅತ್ತೆ, ಮಾವ ಮಗಳ ಬಾಣಂತನಕ್ಕೆ ಅಮೆರಿಕಕ್ಕೆ ಹೋಗಿದ್ದರು. ಅವರು ವಾಪಸ್ ಬರುವ ಮುಂಚೆ ಕಾರನ್ನು ಸರ್ವಿಸ್ ಮಾಡಿಸಿಡೋಣವೆಂದು ಹೋದೆ. ರಿಮೋಟಿನ ಪುಟ್ಟ ಕೆಂಪು ದೀಪ ಹೊತ್ತಿತು, ಕಾರಿನಿಂದ ಸದ್ದೇ ಇಲ್ಲ. ಇಂಡಿಕೇಟರ್ ಕೂಡ ಮಿಣುಕಲಿಲ್ಲ. ರಿಮೋಟಿಗೆ ಹಾಕುವ ಸಿಆರ್2032 ಸೆಲ್ ಹೊಸದು ತಂದು ಹಾಕಿದೆ, ಆಗಲೂ ಅಷ್ಟೇ. ಸೆಕ್ಯೂರಿಟಿಯವರು ಪಕ್ಕದ ರಸ್ತೆಯ ಗ್ಯಾರೇಜಿನವರನ್ನು ಕರೆಸಿಕೊಟ್ಟರು.

ಬಂದವರು ರಿಮೋಟ್ ಒತ್ತಿ ನೋಡಿ ತೀರ್ಪು ಕೊಟ್ಟೇಬಿಟ್ಟರು: "ಸಾರ್, ಇದು ಮಾಡ್ಯೂಲ್ ಹೋಗಿರೋದು. ಟೋ ಮಾಡಿಸಿ ಗ್ಯಾರೇಜಿಗೆ ಹಾಕ್ಬಿಡಿ, ಇಪ್ಪತ್ತು ಸಾವಿರದ ಹತ್ತಿರ ಆಗತ್ತೆ." ಮಾಡ್ಯೂಲ್ ಎಂದರೆ ಲಾಕ್ ನಡೆಸುವ ಎಲೆಕ್ಟ್ರಾನಿಕ್ ಪೆಟ್ಟಿಗೆ. ಅವರ ಕೈಯಲ್ಲಿ ವೋಲ್ಟೇಜ್ ಅಳೆಯುವ ಮಲ್ಟಿಮೀಟರ್ ಇರಲಿಲ್ಲ, ಬೀಗದ ಕೈ ಎಲ್ಲಿದೆ ಎಂದೂ ಕೇಳಲಿಲ್ಲ. ಬೇಸ್‌ಮೆಂಟಿನಲ್ಲಿ ಸಿಗ್ನಲ್ ಇಲ್ಲ. ಮಾವನನ್ನು ಕೇಳಿ ಬರುತ್ತೇನೆ, ಅಲ್ಲಿಯವರೆಗೆ ಏನೂ ಮುಟ್ಟಬೇಡಿ ಎಂದು ಹೇಳಿ ಮೇಲೆ ಬಂದೆ. ಮಾತಾಡಿ ಇಳಿಯುವಷ್ಟರಲ್ಲಿ ಡ್ರೈವರ್ ಬಾಗಿಲಿನ ಗಾಜಿನ ಸಂದಿಗೆ ಸ್ಟೀಲ್ ಸ್ಕೇಲು ತೂರಿಸಿಯಾಗಿತ್ತು. ರಬ್ಬರ್ ಬೀಡಿಂಗ್ ಹರಿದಿತ್ತು, ಒಳಗೆ ಲಾಕ್ ಎಳೆಯುವ ಕಂಬಿ ಬಗ್ಗಿತ್ತು. ಬಾಗಿಲು ಮಾತ್ರ ತೆರೆದಿರಲಿಲ್ಲ. ಅದರ ಮೇಲೆ ಬಂದು ನೋಡಿದ್ದಕ್ಕೆ ದುಡ್ಡು ಬೇರೆ ಕೇಳಿದರು. ಹೇಳಿದರೂ ಕೇಳದೆ ಇನ್ನೊಬ್ಬರ ವಸ್ತು ಹಾಳು ಮಾಡುವುದು ಸಣ್ಣ ತಪ್ಪಲ್ಲ. ಇದನ್ನು ನೆನೆದರೆ ಈಗಲೂ ಸಂಕಟವಾಗುತ್ತದೆ.

ಕೊನೆಗೆ ದಾರಿ ತೋರಿಸಿದವರು ಬ್ಯಾಟರಿ ಅಂಗಡಿಯ ಹಿರಿಯರೊಬ್ಬರು. ಅವರು ಮೊದಲು ಕೇಳಿದ್ದೇ ಸ್ಪೇರ್ ಕೀ. ಅದರ ರಿಮೋಟಿಗೂ ಕಾರು ಓಗೊಡಲಿಲ್ಲ. ಒಂದು ರಿಮೋಟ್ ಕೆಲಸ ಮಾಡಿ ಇನ್ನೊಂದು ಮಾಡದಿದ್ದರೆ ದೋಷ ರಿಮೋಟಿನದು. ಎರಡೂ ಸೋತು, ಇಂಡಿಕೇಟರ್ ಮಿಣುಕದೆ, ಡ್ಯಾಶ್‌ಬೋರ್ಡಿನ ಸೆಕ್ಯೂರಿಟಿ ದೀಪವೂ ಸತ್ತಿದ್ದರೆ ಕಾರಿನ ಬ್ಯಾಟರಿಯನ್ನೇ ಮೊದಲು ಸಂಶಯಿಸಬೇಕು. ರಿಮೋಟ್ ಕಳಿಸುವ ಸಂದೇಶವನ್ನು ಕೇಳಿಸಿಕೊಳ್ಳುವ ಭಾಗಕ್ಕೆ ಕರೆಂಟ್ ಬರುವುದೂ ಅದೇ ಬ್ಯಾಟರಿಯಿಂದ.

ನಿಂತ ಕಾರೂ ಕರೆಂಟ್ ತಿನ್ನುತ್ತಲೇ ಇರುತ್ತದೆ. ಅಲಾರಂ, ರಿಮೋಟಿಗೆ ಕಾಯುವ ರಿಸೀವರ್, ಗಡಿಯಾರ ಎಲ್ಲ ಸೇರಿ 40 ಮಿಲಿಆಂಪಿಯರ್ ಎಳೆದರೂ ದಿನಕ್ಕೆ ಸುಮಾರು 1 ಆಂಪಿಯರ್-ಅವರ್ (ಬ್ಯಾಟರಿ ಚಾರ್ಜಿನ ಅಳತೆ) ಖರ್ಚು. ಸಣ್ಣ ಕಾರಿನ 35 ಆಂಪಿಯರ್-ಅವರ್ ಬ್ಯಾಟರಿ ಒಂದು ತಿಂಗಳಲ್ಲಿ ಬಸವಳಿಯುತ್ತದೆ, ಹಳೆಯದಾದರೆ ಇನ್ನೂ ಬೇಗ. ಖಾಲಿಯಾಗಿಯೇ ಬಿದ್ದಿದ್ದರೆ ಒಳಗಿನ ಸೀಸದ ಪ್ಲೇಟುಗಳ ಮೇಲೆ ಸಲ್ಫೇಟ್ ಗಟ್ಟಿಯಾಗಿ ಕೂರುತ್ತದೆ, ಆಮೇಲೆ ಚಾರ್ಜ್ ಹಿಡಿಯುವುದಿಲ್ಲ.

ಬಾನೆಟ್ ತೆಗೆಯುವ ಲಿವರ್ ಇರುವುದು ಕಾರಿನ ಒಳಗೆ. ಹಾಗಾಗಿ ಬೀಗದ ಕೈಯಿಂದಲೇ ಬಾಗಿಲು ತೆರೆಯಬೇಕು. ಬಟನ್ ಸ್ಟಾರ್ಟ್ ಕಾರುಗಳ ರಿಮೋಟಿನೊಳಗೂ ಒಂದು ಲೋಹದ ಕೀ ಅಡಗಿರುತ್ತದೆ. ಕೆಲವು ಕಾರುಗಳಲ್ಲಿ ಕೀ ತೂತು ಹ್ಯಾಂಡಲಿನ ಮುಚ್ಚಳದ ಹಿಂದಿರುತ್ತದೆ. ವರ್ಷಗಟ್ಟಲೆ ರಿಮೋಟನ್ನೇ ಬಳಸಿದ್ದರಿಂದ ಮಾವನ ಕಾರಿನ ಬೀಗ ಜಾಮ್ ಆಗಿತ್ತು. ಹಿರಿಯರು ಜೋರು ಮಾಡಲಿಲ್ಲ, ಕೀ ಒಳಗೇ ಮುರಿದರೆ ಇನ್ನೊಂದು ರಾಮಾಯಣ. ಗ್ರಾಫೈಟ್ ಪುಡಿ ಬಿಟ್ಟು ಕೀಯನ್ನು ಮೆಲ್ಲಗೆ ಆಡಿಸಿ ಆಡಿಸಿ ತಿರುಗಿಸಿದರು. ಕೊಬ್ಬರಿ ಎಣ್ಣೆ ಬಿಡಿ ಎಂದು ಯಾರಾದರೂ ಹೇಳಿದರೆ ಕೇಳಬೇಡಿ, ಧೂಳು ಅಂಟುತ್ತದೆ, ಚಳಿಗೆ ಗಟ್ಟಿಯಾಗುತ್ತದೆ.

ಮೀಟರ್ ಹಿಡಿದರೆ ಬ್ಯಾಟರಿ 9 ವೋಲ್ಟ್ ಕೂಡ ಇರಲಿಲ್ಲ. ಚೆನ್ನಾಗಿರುವ ಬ್ಯಾಟರಿ ನಿಂತಲ್ಲಿ 12.6ರ ಆಸುಪಾಸು ತೋರಿಸಬೇಕು. ಅಂಗಡಿಯ ಬ್ಯಾಟರಿ ತಂದು ಜೋಡಿಸುತ್ತಿದ್ದಂತೆ ರಿಮೋಟ್ ಮೊದಲ ಒತ್ತಿಗೇ ಕೆಲಸ ಮಾಡಿತು. ಆ ಇಪ್ಪತ್ತು ಸಾವಿರದ ಮಾಡ್ಯೂಲಿಗೆ ಏನೂ ಆಗಿರಲಿಲ್ಲ. ಹಳೆಯ ಬ್ಯಾಟರಿ ಚಾರ್ಜ್ ನಿಲ್ಲಿಸಿಕೊಳ್ಳದೆ ಹೊಸದು ಹಾಕಿಸಿದೆವು. ಬೀಡಿಂಗ್, ಬಗ್ಗಿದ ಕಂಬಿಯ ರಿಪೇರಿ ದಂಡದ ಖರ್ಚು.

ತಿಂಗಳಿಗಿಂತ ಹೆಚ್ಚು ಊರಲ್ಲಿರುವುದಿಲ್ಲವಾದರೆ ನೆಗೆಟಿವ್ ಟರ್ಮಿನಲ್ ಬಿಚ್ಚಿಸಿ, ಬಾಗಿಲಿಗೆ ಕೀಯಿಂದ ಬೀಗ ಹಾಕಿ ಹೋಗಿ. ಬಿಚ್ಚಲು ಇಷ್ಟವಿಲ್ಲದಿದ್ದರೆ ವಾರಕ್ಕೊಮ್ಮೆ ಯಾರಾದರೂ ಅರ್ಧ ಗಂಟೆಯಾದರೂ ಓಡಿಸಲಿ. ನಿಂತಲ್ಲೇ ಐದು ನಿಮಿಷ ಸ್ಟಾರ್ಟ್ ಮಾಡಿ ಆಫ್ ಮಾಡಿದರೆ ಸೆಲ್ಫ್ ಎಳೆದಷ್ಟೂ ವಾಪಸ್ ತುಂಬದೆ ಹೋಗಬಹುದು. ಬೇರೆ ಬ್ಯಾಟರಿಯಿಂದ ಕೇಬಲ್ ಕೊಟ್ಟು ಜಂಪ್ ಸ್ಟಾರ್ಟ್ ಮಾಡುವವರು ಆ ಕೇಬಲ್ ಅದಲುಬದಲು ಮಾಡಿದರೆ ಫ್ಯೂಸು, ಆಲ್ಟರ್ನೇಟರ್ ಸುಟ್ಟು ನಿಜವಾಗಿಯೂ ದೊಡ್ಡ ಬಿಲ್ ಬರುತ್ತದೆ, ಆದ್ದರಿಂದ ಕೆಲಸ ಗೊತ್ತಿರುವವರಿಂದಲೇ ಮಾಡಿಸಿ. ಇನ್ನೊಂದು: ಬ್ಯಾಟರಿಯಿಂದ ಕರೆಂಟ್ ಬಂದ ಕ್ಷಣ ನಮ್ಮ ಕಾರಿನ ಬಾಗಿಲುಗಳು ಟಪ್ಪೆಂದು ತಾವೇ ಲಾಕ್ ಆದವು. ಆ ಹೊತ್ತಿನಲ್ಲಿ ಕೀ ನಿಮ್ಮ ಜೇಬಿನಲ್ಲಿರಲಿ, ಮಗುವನ್ನಂತೂ ಒಳಗೆ ಕೂರಿಸಿರಬೇಡಿ.