ಎರಡು ಕಾಲಂಗಳಲ್ಲಿ ಆಕಾಶಗಂಗೆಯ ಕಾಂತಕ್ಷೇತ್ರ: ಎಟಿಎನ್‌ಎಫ್ ಪಲ್ಸಾರ್ ಕ್ಯಾಟಲಾಗ್

ಆಸ್ಟ್ರೇಲಿಯಾದ ಸರ್ಕಾರಿ ವಿಜ್ಞಾನ ಸಂಸ್ಥೆ ಸಿಎಸ್‌ಐಆರ್‌ಒ ನಿರ್ವಹಿಸುವ ಎಟಿಎನ್‌ಎಫ್ ಪಲ್ಸಾರ್ ಕ್ಯಾಟಲಾಗ್ 3000ಕ್ಕೂ ಹೆಚ್ಚು ಪಲ್ಸಾರ್‌ಗಳ, ಅಂದರೆ ವೇಗವಾಗಿ ತಿರುಗುತ್ತ ಮಿಡಿತಗಳನ್ನು ಕಳಿಸುವ ನ್ಯೂಟ್ರಾನ್ ನಕ್ಷತ್ರಗಳ, ವಿವರಗಳನ್ನು ಯಾರಿಗಾದರೂ ಉಚಿತವಾಗಿ ಒದಗಿಸುತ್ತದೆ. ಅದನ್ನು ಆಕಾಶಗಂಗೆಯ ಕಾಂತಕ್ಷೇತ್ರದ ಅಧ್ಯಯನಕ್ಕೆ ಬಳಸುವವರ ದೃಷ್ಟಿಯಿಂದ ಮಾತ್ರ ಇಲ್ಲಿ ನೋಡಿದ್ದೇನೆ.

ಈ ಕೆಲಸಕ್ಕೆ ಮುಖ್ಯವಾಗಿ ಬೇಕಾದವು ಎರಡೇ ಕಾಲಂಗಳು. ಡಿಎಂ (ಡಿಸ್ಪರ್ಷನ್ ಮೆಷರ್) ಎಂಬುದು ಪಲ್ಸಾರ್‌ನಿಂದ ನಮ್ಮವರೆಗಿನ ದಾರಿಯಲ್ಲಿರುವ ಎಲೆಕ್ಟ್ರಾನ್‌ಗಳ ಒಟ್ಟು ಲೆಕ್ಕ. ಕಡಿಮೆ ಆವರ್ತನದ ರೇಡಿಯೊ ಮಿಡಿತ ಎಷ್ಟು ತಡವಾಗಿ ತಲುಪುತ್ತದೆ ಎಂಬುದರಿಂದ ಅದು ತಿಳಿಯುತ್ತದೆ. ಆರ್‌ಎಂ (ರೊಟೇಷನ್ ಮೆಷರ್) ಎಂಬುದು ಅದೇ ದಾರಿಯಲ್ಲಿ ಅಲೆಯ ಧ್ರುವೀಕರಣದ ದಿಕ್ಕು, ಅಂದರೆ ಅದು ಕಂಪಿಸುವ ದಿಕ್ಕು, ಎಷ್ಟು ತಿರುಗಿತು ಎಂಬುದರ ಅಳತೆ. ಈ ಫ್ಯಾರಡೆ ತಿರುಗುವಿಕೆಗೆ ಎಲೆಕ್ಟ್ರಾನ್‌ಗಳೂ ಬೇಕು, ನಮ್ಮ ದೃಷ್ಟಿರೇಖೆಯ ಉದ್ದಕ್ಕೂ ಇರುವ ಕಾಂತಕ್ಷೇತ್ರವೂ ಬೇಕು. ಆದ್ದರಿಂದ ಆರ್‌ಎಂ ಅನ್ನು ಡಿಎಂನಿಂದ ಭಾಗಿಸಿ, ಮಾನಗಳನ್ನು ಹೊಂದಿಸುವ 1.23 ಎಂಬ ಸ್ಥಿರಾಂಕದಿಂದ ಗುಣಿಸಿದರೆ, ದೂರವೇ ಗೊತ್ತಿಲ್ಲದಿದ್ದರೂ, ಆ ರೇಖೆಯ ಸರಾಸರಿ ಕ್ಷೇತ್ರ ಮೈಕ್ರೋಗೌಸ್‌ಗಳಲ್ಲಿ (ಗೌಸ್‌ನ ಹತ್ತು ಲಕ್ಷದಲ್ಲೊಂದು ಪಾಲುಗಳಲ್ಲಿ) ದೊರೆಯುತ್ತದೆ. ಬಿ0329+54 ಎಂಬ ಪ್ರಖರ ಪಲ್ಸಾರ್‌ನ ಡಿಎಂ ಸುಮಾರು 26.8, ಆರ್‌ಎಂ ಸುಮಾರು −64. ಕ್ಷೇತ್ರ ಸುಮಾರು 2.9 ಮೈಕ್ರೋಗೌಸ್ ಎಂದಾಯಿತು, ಅಂದರೆ ಭೂಮಿಯ ಕಾಂತಕ್ಷೇತ್ರದ ಲಕ್ಷದಲ್ಲೊಂದು ಪಾಲಿನ ಆಸುಪಾಸು. ಋಣ ಚಿಹ್ನೆ ಇರುವುದರಿಂದ ಕ್ಷೇತ್ರ ನಮ್ಮಿಂದ ಆಚೆಗೆ ಮುಖ ಮಾಡಿದೆ.

ಹೊಸಬರು ಎಡವುವ ಜಾಗವೊಂದಿದೆ. ಅಲ್ಲಿನ ಮೇಲ್ಮೈ ಕಾಂತಕ್ಷೇತ್ರದ ಕಾಲಂ ಆಕಾಶಗಂಗೆಯದ್ದಲ್ಲ, ಪಲ್ಸಾರ್‌ನದೇ; ಲಕ್ಷ ಕೋಟಿ ಗೌಸ್‌ನಷ್ಟಿರುವ ಆ ಸಂಖ್ಯೆಗೂ ನಮ್ಮ ಲೆಕ್ಕಕ್ಕೂ ಸಂಬಂಧವಿಲ್ಲ. ಅದಕ್ಕಿಂತ ಸೂಕ್ಷ್ಮವಾದದ್ದು ದೂರದ ಕಾಲಂ. ಒಂದೇ ದಿಕ್ಕಿನಲ್ಲಿ ಹತ್ತಿರದ ಮತ್ತು ದೂರದ ಎರಡು ಪಲ್ಸಾರ್‌ಗಳನ್ನು ಹಿಡಿದು, ಅವುಗಳ ಆರ್‌ಎಂ ವ್ಯತ್ಯಾಸವನ್ನು ಡಿಎಂ ವ್ಯತ್ಯಾಸದಿಂದ ಭಾಗಿಸಿ 1.23ರಿಂದ ಗುಣಿಸಿದರೆ ನಡುವಿನ ತುಂಡಿನ ಕ್ಷೇತ್ರವಷ್ಟೇ ಸಿಗುತ್ತದೆ. ಸುರುಳಿ ತೋಳುಗಳ ಆಸುಪಾಸಿನಲ್ಲಿ ಕ್ಷೇತ್ರದ ದಿಕ್ಕು ತಿರುಗುಮುರುಗಾಗುವುದನ್ನು ಹೀಗೆಯೇ ಹುಡುಕುತ್ತಾರೆ. ಆದರೆ ಆ ತುಂಡು ಎಲ್ಲಿದೆ ಎನ್ನಲು ದೂರ ಬೇಕು, ಮತ್ತು ಕ್ಯಾಟಲಾಗ್‌ನ ಬಹುಪಾಲು ದೂರಗಳು ನೇರ ಅಳತೆಗಳಲ್ಲ, ವೈಎಂಡಬ್ಲ್ಯು16 ಎಂಬ ಎಲೆಕ್ಟ್ರಾನ್ ಹಂಚಿಕೆಯ ಮಾದರಿಯಿಂದ ಡಿಎಂ ಮೂಲಕ ಬಂದವು. ಅವನ್ನು ಅಂದಾಜು ಎಂದೇ ಓದಬೇಕು.

ಸರಾಸರಿಗೂ ಮಿತಿಯಿದೆ. 2013ರಲ್ಲಿ ಪತ್ತೆಯಾದ, ಆಕಾಶಗಂಗೆಯ ಕೇಂದ್ರದ ಕಪ್ಪುಕುಳಿಯ ಬಳಿಯ ಮ್ಯಾಗ್ನೆಟಾರ್‌ನ (ಅತಿ ಪ್ರಬಲ ಕಾಂತಕ್ಷೇತ್ರದ ನ್ಯೂಟ್ರಾನ್ ನಕ್ಷತ್ರದ) ಆರ್‌ಎಂ ಸುಮಾರು −67,000, ಡಿಎಂ 1778. ಅದೇ ಲೆಕ್ಕ ಹಾಕಿದರೆ ಸುಮಾರು 46 ಮೈಕ್ರೋಗೌಸ್ ಬರುತ್ತದೆ, ಆದರೆ ತಿರುಗುವಿಕೆಯ ಬಹುಭಾಗ ಕಪ್ಪುಕುಳಿಯ ಸಮೀಪವೇ ನಡೆದಿರುವುದರಿಂದ ಅಲ್ಲಿನ ನಿಜವಾದ ಕ್ಷೇತ್ರ ಇದಕ್ಕಿಂತ ಬಹಳ ಪ್ರಬಲ. ಅತ್ತ, ದಾರಿಯಲ್ಲಿ ದಿಕ್ಕು ಬದಲಾಗುವ ಕ್ಷೇತ್ರಗಳು ಪರಸ್ಪರ ಕಳೆದುಹೋಗಿ, ಕಡಿಮೆ ಆರ್‌ಎಂ ಎಂದರೆ ದುರ್ಬಲ ಕ್ಷೇತ್ರ ಎಂಬ ತಪ್ಪು ತೀರ್ಮಾನಕ್ಕೂ ಎಡೆಮಾಡಬಹುದು.

ಪುಟದ ನೋಟ ಹಳೆಯ ಕಾಲದ್ದು, ನನಗದು ಕೊರತೆಯೆನಿಸಿಲ್ಲ. ಅನೇಕ ಪಲ್ಸಾರ್‌ಗಳ ಆರ್‌ಎಂ ಜಾಗದಲ್ಲಿ ನಕ್ಷತ್ರ ಚಿಹ್ನೆಯೊಂದೇ ಇರುವುದು ಮಾತ್ರ ನಿಜವಾದ ಕೊರತೆ, ಅದು ಅಳತೆಯೇ ಆಗದ್ದರಿಂದ ಬಂದದ್ದು. ಅಳೆದ ಸಂಖ್ಯೆಗಳ ಪಕ್ಕದಲ್ಲಿ ಸಾಮಾನ್ಯವಾಗಿ ದೋಷದ ಪ್ರಮಾಣ ಮತ್ತು ಆಕರದ ಸಂಕೇತ ಇರುವುದರಿಂದ, ಸಂಶಯ ಬಂದ ಕೂಡಲೇ ಮೂಲ ಪ್ರಬಂಧಕ್ಕೆ ಹೋಗಬಹುದು. ಇಡೀ ದತ್ತಾಂಶವನ್ನು ಇಳಿಸಿಕೊಂಡು ಸ್ವಂತ ಕಂಪ್ಯೂಟರ್‌ನಲ್ಲೇ ಲೆಕ್ಕ ಹಾಕುವ ಅನುಕೂಲವೂ ಇದೆ.