ಮೂರು ಡಬ್ಬಿಯಿಂದ ಒಂದು ಡಬ್ಬಿಗೆ: ನನ್ನ ಫ್ಲೈ ಮತ್ತು ಗಾಳದ ಸಾಮಗ್ರಿಗಳ ವಿಮರ್ಶೆ

ಎರೆಹುಳುವಿನ ಬದಲು ಗರಿ, ರೋಮ, ನೂಲುಗಳಿಂದ ಕಟ್ಟಿದ ಹುಸಿ ಕೀಟವನ್ನು ತೋರಿಸಿ ಮೀನು ಹಿಡಿಯುವ ಫ್ಲೈ ಫಿಶಿಂಗ್‌ನಲ್ಲಿ ಹಲವು ವರ್ಷ ಕಳೆದ ಮೇಲೆ, ಆಸೆಪಟ್ಟು ಕೊಂಡ ಸಾಮಗ್ರಿಗಳಲ್ಲಿ ಯಾವುವು ಇಂದಿಗೂ ನನ್ನ ಚೀಲದಲ್ಲಿ ಉಳಿದಿವೆ, ಯಾವುವು ಕಪಾಟು ಸೇರಿವೆ ಎಂಬುದನ್ನು ಇಲ್ಲಿ ಬರೆಯುತ್ತಿದ್ದೇನೆ. ಟ್ರೌಟ್ ಮೀನಿರುವ ಸಾಧಾರಣ ಅಗಲದ ಹೊಳೆಗಳಿಗಷ್ಟೇ ಈ ಅಭಿಪ್ರಾಯ ಅನ್ವಯಿಸುತ್ತದೆ.

ನೀರಿನ ಮೇಲೆ ಕಂಡ ಪ್ರತಿಯೊಂದು ಕೀಟಕ್ಕೂ ಅದರ ಪಡಿಯಚ್ಚಿನಂತಹ ಫ್ಲೈ ಬೇಕೆಂದು ನಂಬಿ, ಮೂರು ಡಬ್ಬಿಗಳನ್ನು ಹೊತ್ತು ತಿರುಗಿದ ಕಾಲವೊಂದಿತ್ತು. ಈಗ ತೇಲುವ ಫ್ಲೈಗಳಲ್ಲಿ ಮೊದಲು ಕೈಗೆ ಬರುವುದು ಪ್ಯಾರಾಶೂಟ್ ಆಡಮ್ಸ್. 1922ರಲ್ಲಿ ಅಮೆರಿಕದ ಮಿಶಿಗನ್‌ನಲ್ಲಿ ಲೆನ್ ಹ್ಯಾಲಡೇ ಕಟ್ಟಿದ ಮೂಲ ಆಡಮ್ಸ್ ಯಾವ ಒಂದು ಕೀಟದ ನಕಲೂ ಅಲ್ಲ. ಅದರ ಬೂದು ಮೈ ಮತ್ತು ಕಂದು ಬೆರೆತ ಗರಿ ಮೇಫ್ಲೈ ಎಂಬ ನೀರಹೊಳೆಯ ಕೀಟದ ಹಲವು ಬಗೆಗಳನ್ನು ಒಟ್ಟಿಗೇ ನೆನಪಿಸುತ್ತವೆ. ಪ್ಯಾರಾಶೂಟ್ ರೂಪದಲ್ಲಿ ನೆಟ್ಟಗೆ ನಿಂತ ಬಿಳಿ ಜುಟ್ಟಿನ ಬುಡಕ್ಕೆ ಗರಿಯನ್ನು ಅಡ್ಡಲಾಗಿ ಸುತ್ತಿರುವುದರಿಂದ, ಫ್ಲೈನ ಮೈ ನೀರಿಗೆ ಅಂಟಿದಂತೆ ತಗ್ಗಾಗಿ ಕೂರುತ್ತದೆ, ಜುಟ್ಟು ಮಾತ್ರ ಸಂಜೆಗತ್ತಲಲ್ಲೂ ನನಗೆ ಕಾಣುತ್ತದೆ. ಮೊದಲು ಮೀನಿನ ಕಣ್ಣಿಗೆ ಹೇಗೆ ಕಾಣುವುದೋ ಎಂದು ಚಿಂತಿಸುತ್ತಿದ್ದವನು ಈಗ ನನ್ನ ಕಣ್ಣಿಗೆ ಕಂಡರೆ ಸಾಕೆನ್ನುವ ವಯಸ್ಸಿಗೆ ಬಂದಿದ್ದೇನೆ. ಬಾತುಕೋಳಿಯ ಬಾಲದ ಬುಡದಲ್ಲಿನ ಎಣ್ಣೆಗ್ರಂಥಿಯ ಸುತ್ತ ಬೆಳೆಯುವ ಗರಿಯಿಂದ ಕಟ್ಟಿದ ಸಿ.ಡಿ.ಸಿ. ಫ್ಲೈಗಳು ಇದಕ್ಕಿಂತ ಸೊಗಸಾಗಿ ತೇಲುತ್ತವೆ, ನಿಜ. ಆದರೆ ಒಂದು ಮೀನು ಕಚ್ಚಿದೊಡನೆ ಲೋಳೆ ಹತ್ತಿ ಮುದ್ದೆಯಾಗುವ ಅವನ್ನು ತೊಳೆದು ಒಣಗಿಸುವ ತಾಳ್ಮೆ ನನಗಿಲ್ಲ.

ಮುಳುಗುವ ಫ್ಲೈಗಳಲ್ಲಿ, ಅಂದರೆ ನೀರೊಳಗಿನ ಎಳೆಯ ಕೀಟವನ್ನು ಹೋಲುವ ನಿಂಫ್‌ಗಳಲ್ಲಿ, ಇಂಗ್ಲೆಂಡಿನ ನದಿ ಪಾಲಕ ಫ್ರಾಂಕ್ ಸಾಯರ್ ರೂಪಿಸಿದ ಫೆಸೆಂಟ್ ಟೇಲ್ ನಿಂಫ್ ಬಗ್ಗೆ ನನ್ನ ಅಭಿಪ್ರಾಯ ಒಮ್ಮೆಯೂ ಬದಲಾಗಿಲ್ಲ. ಅವರು ನೂಲನ್ನೇ ಬಳಸದೆ ತಾಮ್ರದ ತಂತಿಯಿಂದಲೇ ಫೆಸೆಂಟ್ ಹಕ್ಕಿಯ ಬಾಲದ ಗರಿಯನ್ನು ಕಟ್ಟಿದ್ದರಿಂದ, ಕಟ್ಟೂ ತೂಕವೂ ಒಂದೇ ವಸ್ತುವಿನಿಂದ ದೊರೆತವು. ಬದಲಾದದ್ದು ಫ್ಲೈ ಮುಳುಗಲೆಂದು ಅದರ ತಲೆಗೆ ಪೋಣಿಸುವ ಮಣಿಯ ವಿಷಯದಲ್ಲಿ. ಟಂಗ್‌ಸ್ಟನ್ ಹಿತ್ತಾಳೆಯ ಎರಡು ಪಟ್ಟಿಗಿಂತ ಹೆಚ್ಚು ಸಾಂದ್ರವಾದ್ದರಿಂದ ಅದರ ಮಣಿಯಿರುವ ಫ್ಲೈ ರಭಸದ ನೀರಿನಲ್ಲೂ ಬೇಗ ತಳ ಸೇರುತ್ತದೆ; ಈ ಗುಣಕ್ಕೆ ಮರುಳಾಗಿ ಎಲ್ಲೆಡೆ ಅದನ್ನೇ ಬಳಸಿ, ಮೊಣಕಾಲುದ್ದದ ನೀರಿನಲ್ಲಿ ಲೆಕ್ಕವಿಲ್ಲದಷ್ಟು ಫ್ಲೈಗಳನ್ನು ಕಲ್ಲುಗಳಿಗೆ ಕಾಣಿಕೆ ಕೊಟ್ಟ ಮೇಲೆ, ಆಳವಿಲ್ಲದ ಕಡೆ ಹಿತ್ತಾಳೆಗೇ ಮರಳಿದ್ದೇನೆ.

ರಾಡ್ ವಿಷಯದಲ್ಲಿ ನನ್ನ ತಪ್ಪು ದುಬಾರಿಯಾಗಿತ್ತು. ದೂರಕ್ಕೆ ಎಸೆಯುವ ಹುಮ್ಮಸ್ಸಿನಲ್ಲಿ ಕೊಂಡ ಒಂಬತ್ತು ಅಡಿಯ, 5ನೇ ತೂಕದ (ಅಂದರೆ 5ನೇ ಅಂಕೆಯ ಲೈನಿಗೆ, ಎಸೆಯುವ ದಾರಕ್ಕೆ, ಹೊಂದುವ) ಬಿರುಸಾದ ಕಾರ್ಬನ್ ರಾಡ್, ಮೀನುಗಳೆಲ್ಲ ಹತ್ತು ಮೀಟರಿನೊಳಗೇ ಸಿಗುವ ಹೊಳೆಯಲ್ಲಿ ಬಾಗುತ್ತಲೇ ಇರಲಿಲ್ಲ, ಏಕೆಂದರೆ ಅದನ್ನು ಬಾಗಿಸುವಷ್ಟು ಲೈನು ಹೊರಗೆ ಬಂದಿರುತ್ತಿರಲಿಲ್ಲ. ಈಗಿನ 4ನೇ ತೂಕದ ಮೆತ್ತನೆಯ ರಾಡ್ ಹಿಡಿಯವರೆಗೂ ಬಾಗಿ, ಫ್ಲೈಯನ್ನು ಸದ್ದಿಲ್ಲದೆ ಇಳಿಸುತ್ತದೆ. ಗಾಳಿ ಜೋರಾಗಿದ್ದಾಗ ಮಾತ್ರ ಹಳೆಯದೇ ಮೇಲು.

ಲೈನು ಕೊಳ್ಳುವವರಿಗೆ ಒಂದು ಎಚ್ಚರಿಕೆ. ಮೊದಲ 30 ಅಡಿಯ ತೂಕವನ್ನು ಆಧರಿಸಿದ ಮಾನದಂಡದಂತೆ 4ನೇ ಲೈನು 120 ಗ್ರೇನ್ (ತೂಕದ ಒಂದು ಸಣ್ಣ ಅಳತೆ), 5ನೇದು 140 ಗ್ರೇನ್ ಇರಬೇಕು. ನಾನು ಕೊಂಡ ಒಂದು ಲೈನಿನ ಡಬ್ಬಿಯ ಮೇಲೆ ದೊಡ್ಡದಾಗಿ 4 ಎಂದಿದ್ದರೂ, ಹಿಂಬದಿಯ ಸಣ್ಣಕ್ಷರದ ಗ್ರೇನ್ ಲೆಕ್ಕ 5ಕ್ಕೆ ಹತ್ತಿರವಿತ್ತು. ಬಿರುಸಾದ ರಾಡ್‌ಗೆ ಅದು ಒಗ್ಗಬಹುದು, ನನ್ನ ಮೆತ್ತನೆಯ ರಾಡ್‌ಗೆ ಒಗ್ಗಲಿಲ್ಲ.

ಲೈನಿನ ಕೊನೆಯಲ್ಲಿ ಫ್ಲೈ ಕಟ್ಟುವ ತುದಿಯ ಎಳೆಗೆ ಫ್ಲೂರೋಕಾರ್ಬನ್ನೇ ಶ್ರೇಷ್ಠವೆಂದು ವಾದಿಸುತ್ತಿದ್ದವನು ನಾನು. ಅದು ನೈಲಾನ್‌ಗಿಂತ ಭಾರವಾಗಿ ಮುಳುಗುವುದರಿಂದ ನಿಂಫ್‌ಗೆ ಒಪ್ಪುತ್ತದೆ. ತೇಲುವ ಫ್ಲೈಗೆ ಸುಮಾರು 0.15 ಮಿಲಿಮೀಟರ್ ದಪ್ಪದ 5ಎಕ್ಸ್ ನೈಲಾನ್ ಸಾಕು.

ರೀಲಿನ ಬಗ್ಗೆ ಹೇಳುವುದೇನೂ ಇಲ್ಲ; ಈ ಗಾತ್ರದ ಮೀನಿಗೆ ಅದು ಲೈನು ಸುತ್ತಿಡುವ ಉರುಳೆಯಷ್ಟೇ. ಕೊಕ್ಕೆಗಳನ್ನು ಮಾತ್ರ ಹಿಮ್ಮುಳ್ಳಿಲ್ಲದವನ್ನೇ ಕೊಳ್ಳುತ್ತೇನೆ: ಮೀನಿನ ಬಾಯಿಂದ ಸಲೀಸಾಗಿ ಬಿಡಿಸಬಹುದು, ಗಾಳಿಯ ದಿನ ನನ್ನ ಕಿವಿಯಿಂದಲೂ.