ಗ್ರೈಂಡರ್ ಶಾರ್ಟಾದರೆ ಹೋಟೆಲ್ ಪೂರಾ ಕತ್ತಲು!

ದಾವಣಗೆರೆಯಲ್ಲಿ ನಮ್ಮದೊಂದು ಸಣ್ಣ ಬೆಣ್ಣೆದೋಸೆ ಹೋಟೆಲ್. ಗ್ರೈಂಡರ್ ವೈರ್ ಒದ್ದೆಯಾಗಿ ಶಾರ್ಟಾದರೆ ಅದರ 16 ಆಂಪ್ಸ್ ಎಂಸಿಬಿ (ಕರೆಂಟ್ ಮಿತಿ ಮೀರಿದರೆ ತಾನೇ ಬೀಳುವ ಸ್ವಿಚ್) ಜೊತೆ ಇಡೀ ಹೋಟೆಲಿನ 40 ಆಂಪ್ಸ್ ಮೇನ್ ಎಂಸಿಬಿಯೂ ಟಪ್ ಅಂತ ಬೀಳುತ್ತಿತ್ತು. ಕಾವಲಿ ಮೇಲೆ ದೋಸೆ, ಸುತ್ತ ಕತ್ತಲು. ರಿಪೇರಿಗೆ ಮೊದಲು ಬಂದವರು ಸುಮ್ನೆ 63ರ ಮೇನ್ ಹಾಕಿ ಅಂದರು. ಅಷ್ಟು ಕರೆಂಟನ್ನ ವೈರ್ ತಡೆಯಬೇಕಲ್ವಾ?

ಮಂಡಿಪೇಟೆ ಅಂಗಡಿಯ ಹುಡುಗ ಟಾರ್ಚ್ ಬಿಟ್ಟು ಪ್ಯಾನೆಲ್ ನೋಡಿದ. "ಎರಡೂ ಸಿ ಟೈಪ್ ಅಣ್ಣಾ. ರೇಟಿಂಗಿನ 5ರಿಂದ 10 ಪಟ್ಟು ಕರೆಂಟ್ ಹರಿದರೆ ತಕ್ಷಣ ಬೀಳ್ತವೆ. ದೊಡ್ಡ ಶಾರ್ಟಿಗೆ ಎರಡೂ ಒಟ್ಟಿಗೇ." ಯಾವುದರ ಜೊತೆ ಯಾವುದು ಹೊಂದುತ್ತೆ ಅನ್ನೋ ಕಂಪನಿ ಪಟ್ಟಿ ನೋಡಿ, ಗ್ರೈಂಡರಿನದು ಮೊದಲು ಬೀಳಲಿ ಅಂತ ಮೇನಿಗೆ ಸ್ವಲ್ಪ ತಡವಾಗಿ ಬೀಳುವಂತೆ ಸೆಟ್ ಮಾಡಬಹುದಾದ ಎಂಸಿಸಿಬಿ (ಎಂಸಿಬಿಯದೇ ದೊಡ್ಡ ರೂಪ) ಕೂರಿಸಿದ. ದುಡ್ಡು ಜಾಸ್ತಿ, ಕೆಲಸಾನೂ ಎರಡು ದಿನ ಎಳೆದ. ಹೋದ ವಾರ ಮತ್ತೆ ಶಾರ್ಟ್. ಗ್ರೈಂಡರ್ ಮಾತ್ರ ನಿಂತಿತು, ಫ್ಯಾನ್ ತಿರುಗುತ್ತಲೇ ಇತ್ತು.